ಯಾವತ್ತೋ ಒಡೆದು ಹೋದ ನಕ್ಷತ್ರವನ್ನ ಈಗ ಹಿಡಿಯೋದು ಹೆಂಗೆ? ಅಕ್ಕನ ಮಗನಿಗೆ ಉತ್ತರ ಹೇಳೋಕಾಗ್ತಿಲ್ಲ

ತೋಟದಂಚು (ಶಿರಸಿ)
ಮೊನ್ನೆ ರಾತ್ರಿ ಅಂಗಳದಲ್ಲಿ ಅಡಿಕೆ ಸುಲೀತಾ ಕೂತಿದ್ವಿ. ಅಕ್ಕನ ಮಗ ಒಂಬತ್ತನೇ ಕ್ಲಾಸು. ಮೆಟ್ಟುಗತ್ತಿ ಮುಟ್ಟಬೇಡ ಅಂದಿದ್ದಕ್ಕೆ ಮೊಬೈಲು ಹಿಡ್ಕೊಂಡು ಮೂಲೆ ಸೇರಿದ. ಸ್ವಲ್ಪ ಹೊತ್ತಿಗೆ ಶುರು: "ಮಾವ, ಮೊಟ್ಟಮೊದಲ ನಕ್ಷತ್ರಗಳು ಸೂರ್ಯನ ನೂರು, ಇನ್ನೂರು ಪಟ್ಟು ತೂಕದವಂತೆ. ಅವು ಒಡೆದು 1300 ಕೋಟಿ ವರ್ಷದ ಮೇಲಾಯ್ತಂತೆ. ಪಟಾಕಿ ಹೊಡೆದ ಮಾರನೇ ದಿನ ಹೋದ್ರೆ ಕಾಗದದ ಚೂರು ಮಾತ್ರ ಸಿಗ್ತದೆ. ವಿಜ್ಞಾನಿಗಳು ಆ ಸ್ಫೋಟದ ಬೆಳಕನ್ನೇ ಹಿಡೀತೇವೆ ಅಂತಾರಲ್ಲ, ಹೆಂಗೆ?"

ನಾನು ಬಿಕಾಂ. ಬಡ್ಡಿ ಲೆಕ್ಕ ಕೇಳಿದ್ರೆ ಹೇಳ್ತೇನೆ. ಇಲ್ಲಿ ವಿಜ್ಞಾನ ಗೊತ್ತಿದ್ದವರು ಇದ್ದೀರಿ, ಒಂಬತ್ತನೇ ಕ್ಲಾಸಿನವನಿಗೆ ತಿಳಿಯೋ ಹಾಗೆ ಹೇಳಿ ಮಾರಾಯ್ರೇ. ನಂಗೂ ತಿಳಿದ್ರೆ ಒಳ್ಳೇದೇ.

ಮೀನ್ಸಾರು (ಅಂಕೋಲಾ)
ಮೊದಲು ಅಡಿಕೆ ರೇಟು ಹೇಳಿ, ಆಮೇಲೆ ನಕ್ಷತ್ರ.

ಹಳೇ ಮಾಸ್ತರು (ಕುಮಟಾ)
ಹುಡುಗ ಪಟಾಕಿ ಅಂದ ಅಂತ ಪಟಾಕಿಯಲ್ಲೇ ಹೇಳ್ತೇನೆ. ಕೊಂಕಣ ರೈಲ್ವೆ ಕೆಲಸ ನಡೀತಿದ್ದ ಕಾಲ, ನಮ್ಮೂರ ಗುಡ್ಡದಲ್ಲಿ ಕಲ್ಲು ಒಡೀತಿದ್ರು. ನಾವು ಶಾಲೆ ಜಗಲಿ ಮೇಲೆ ನಿಂತು ನೋಡೋದು. ಮೊದಲು ಧೂಳು ಏಳ್ತಿತ್ತು, ಶಬ್ದವೇ ಇಲ್ಲ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸೋದ್ರೊಳಗೆ 'ಢಂ'. ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು. ಗುಡ್ಡದ ಹತ್ತಿರ ಇದ್ದವನಿಗೆ ಶಬ್ದ ಮುಗಿದು ಹೋಗಿದೆ, ನಮಗೆ ಇನ್ನೂ ಬರ್ತಾ ಇದೆ.

ಬೆಳಕೂ ಹಾಗೇ, ನಡಿಗೆ ಜೋರು ಅಷ್ಟೆ. ಆ ನಕ್ಷತ್ರ ಒಡೆದಾಗ ಹೊರಟ ಬೆಳಕಿಗೆ ನಮ್ಮಲ್ಲಿಗೆ ಬರೋಕೆ 1300 ಕೋಟಿ ವರ್ಷ ಬೇಕಾಯ್ತು. ಅಲ್ಲಿ ಮುಗಿದ ಪಟಾಕಿ ಇಲ್ಲಿಗೆ ಇವತ್ತು ತಲುಪ್ತಿದೆ. ಪೂರ್ತಿ 1380 ಕೋಟಿ ವರ್ಷದ ವಿಶ್ವದಲ್ಲಿ ಎಷ್ಟು ದೂರ ನೋಡ್ತೀಯೋ ಅಷ್ಟು ಹಳೇ ಕಾಲ ಕಾಣ್ತದೆ ಅಂತ ಅವನಿಗೆ ಹೇಳಿ.

ತೋಟದಂಚು (ಶಿರಸಿ)
ಮಾಸ್ತರೇ, ಓದಿ ಹೇಳ್ದೆ. ಅವನ ಮುಂದಿನ ಪ್ರಶ್ನೆ ರೆಡಿ: "ಹಾಗಾದ್ರೆ ದೊಡ್ಡ ದುರ್ಬೀನು ಹಿಡಿದು ನೋಡಿದ್ರೆ ಆಯ್ತಲ್ಲ, ಇನ್ನೂ ಯಾಕೆ ಸಿಕ್ಕಿಲ್ಲ?"

ಕಾಳಿ ದಂಡೆ (ಕಾರವಾರ)
ಪ್ರಶ್ನೆ ಚೊಲೋ ಇದೆ. ಬೆಳಕು ದಾರಿಯಲ್ಲಿ ಬರ್ತಾ ಇರುವಾಗ ವಿಶ್ವ ಸುಮ್ನೆ ಕೂತಿರ್ಲಿಲ್ಲ, ಹಿಗ್ಗಿತು. ಜೊತೆಗೆ ಬೆಳಕಿನ ಅಲೆಯೂ ಹಿಗ್ಗಿತು. ಇದೇ ರೆಡ್‌ಶಿಫ್ಟ್. ವಿಶ್ವಕ್ಕೆ ಸುಮಾರು 27 ಕೋಟಿ ವರ್ಷ ಆಗಿದ್ದಾಗ ಒಡೆದ ನಕ್ಷತ್ರ ಅಂತ ಇಟ್ಕೊಳ್ಳಿ, ರೆಡ್‌ಶಿಫ್ಟ್ 15. ಅಲೆ 16 ಪಟ್ಟು ಉದ್ದ ಆಗಿರ್ತದೆ (15ಕ್ಕೆ ಒಂದು ಕೂಡಿಸಬೇಕು, ಯಾಕೆ ಅಂತ ಈಗ ಕೇಳಬೇಡಿ). ಹೊರಡುವಾಗ ಅತಿನೇರಳೆ, 0.25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಅಂದ್ರೆ ಒಂದು ಮೈಕ್ರಾನ್). ಇಲ್ಲಿ ಇಳಿಯುವಾಗ 4 ಮೈಕ್ರಾನ್, ಅಂದ್ರೆ ಅವಕೆಂಪು. ಕಣ್ಣಿಗೆ ಕಾಣೋದೇ ಇಲ್ಲ.

ಇನ್ನೊಂದು ತೊಂದ್ರೆ. ಆ ಕಾಲದಲ್ಲಿ ನಕ್ಷತ್ರಗಳ ನಡುವೆ ತುಂಬಿದ್ದ ಹೈಡ್ರೋಜನ್ 0.1216 ಮೈಕ್ರಾನಿಗಿಂತ ಗಿಡ್ಡ ಅಲೆಗಳನ್ನೆಲ್ಲ ನುಂಗಿಬಿಡ್ತಿತ್ತು. ಅದನ್ನೂ 16ರಿಂದ ಗುಣಿಸಿ, ಹೆಚ್ಚುಕಮ್ಮಿ 2 ಮೈಕ್ರಾನ್. ಅದಕ್ಕಿಂತ ಕೆಳಗಿನ ಫಿಲ್ಟರ್ ಹಾಕಿ ತೆಗೆದ ಫೋಟೊದಲ್ಲಿ ಆ ಜಾಗ ಖಾಲಿ, ಮೇಲಿನ ಫಿಲ್ಟರಿನಲ್ಲಿ ಮಾತ್ರ ಚುಕ್ಕೆ. ಹಾಗೆ ಕಂಡ್ರೆ "ಓ, ಇದು ಬಹಳ ದೂರದ್ದು" ಅಂತ ಅನುಮಾನ ಪಡಬಹುದು.

2021ರ ಡಿಸೆಂಬರ್ 25ಕ್ಕೆ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಇದಕ್ಕೇ ಹೇಳಿ ಮಾಡಿಸಿದ್ದು. 6.5 ಮೀಟರ್ ಕನ್ನಡಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ತಣ್ಣಗೆ ಕೂತಿದೆ. ಅದರ ಮುಖ್ಯ ಕ್ಯಾಮೆರಾ 5 ಮೈಕ್ರಾನ್‌ವರೆಗೆ ನೋಡ್ತದೆ.

ಬಳಚು (ಅಘನಾಶಿನಿ)
ನಂಗೊಂದು ಅನುಮಾನ. ಸೂರ್ಯನ ಇನ್ನೂರು ಪಟ್ಟು ಅಂದ್ರೆ ಇನ್ನೂರು ಪಟ್ಟು ಎಣ್ಣೆ ಇರೋ ದೀಪ. ಜಾಸ್ತಿ ದಿನ ಉರೀಬೇಕಲ್ಲ? 27 ಕೋಟಿ ವರ್ಷಕ್ಕೇ ಒಡೆಯೋದು ಹೆಂಗೆ?

ಹಳೇ ಮಾಸ್ತರು (ಕುಮಟಾ)
ಎಣ್ಣೆ ಇನ್ನೂರು ಪಟ್ಟು ಸರಿ, ಬತ್ತಿ ಲಕ್ಷಾಂತರ ಪಟ್ಟು ದಪ್ಪ! ಅಂಥವು 20-30 ಲಕ್ಷ ವರ್ಷದಲ್ಲಿ ಆಟ ಮುಗಿಸ್ತವೆ. ಸೂರ್ಯನಿಗೆ ಸಾವಿರ ಕೋಟಿ ವರ್ಷ ಆಯಸ್ಸು.

ಹುಲೇಕಲ್ ರಸ್ತೆ
ಈಗಿನ ನಕ್ಷತ್ರ ಅಷ್ಟು ದಪ್ಪ ಆಗೋದು ಅಪರೂಪ, ಆವಾಗ ಯಾಕೆ ಆಗ್ತಿದ್ವು?

ಕೈಗಾ ಕಾಲನಿ (ಮಲ್ಲಾಪುರ)
ಆವಾಗ ಇದ್ದಿದ್ದು ಹೈಡ್ರೋಜನ್, ಹೀಲಿಯಂ, ಚೂರು ಲಿಥಿಯಂ. ಇಂಗಾಲ, ಆಮ್ಲಜನಕ, ಧೂಳು ಏನೂ ಇಲ್ಲ. ಅನಿಲದ ಮೋಡ ತಣಿದರೆ ಸಣ್ಣ ಸಣ್ಣ ಉಂಡೆಯಾಗಿ ಒಡೀತದೆ, ತಣಿಸೋಕೆ ಬೇಕಾದ ಸಾಮಾನೇ ಇಲ್ಲದಿದ್ರೆ ದೊಡ್ಡ ಉಂಡೆಯಾಗೇ ಕುಸೀತದೆ. ಹಂಗಾಗಿ ದಪ್ಪ ನಕ್ಷತ್ರ.

ಈಗ ಒಡೆಯೋ ವಿಷಯ, ಇದು ನಂಗೆ ಇಷ್ಟದ ಭಾಗ. ಶಿರಸಿ ಕಡೆಯವರಿಗೆ ಗೋಬರ್ ಗ್ಯಾಸ್ ಗೊತ್ತಲ್ಲ? ಒಳಗಿನ ಗ್ಯಾಸು ಎತ್ತಿ ಹಿಡಿದಿರೋದ್ರಿಂದ ಮೇಲಿನ ಕಬ್ಬಿಣದ ಡ್ರಮ್ಮು ತೇಲ್ತಾ ಇರ್ತದೆ. ದೈತ್ಯ ನಕ್ಷತ್ರದ ಹೊಟ್ಟೆಯಲ್ಲಿ ಆ ಗ್ಯಾಸಿನ ಕೆಲಸ ಮಾಡೋದು ಬಹುಪಾಲು ಬೆಳಕು. ಗಾಮಾ ಕಿರಣಗಳ ಒತ್ತಡ. ಒಳಗಿನ ತಾಪ ನೂರು ಕೋಟಿ ಡಿಗ್ರಿ ಹತ್ತಿರ ಹೋಗ್ತಿದ್ದ ಹಾಗೆ ಗಾಮಾ ಕಿರಣ ಇದ್ದಕ್ಕಿದ್ದಂತೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಆಗೋಕೆ ಶುರು (ಪಾಸಿಟ್ರಾನ್ ಅಂದ್ರೆ ಧನ ವಿದ್ಯುತ್ತಿನ ಎಲೆಕ್ಟ್ರಾನ್). ಒತ್ತಡ ಕಮ್ಮಿ ಆಯ್ತು, ಡ್ರಮ್ಮು ಕುಸೀತು. ಕುಸಿದಾಗ, ನಕ್ಷತ್ರ ಉರಿದು ಒಳಗೇ ತಯಾರಾಗಿದ್ದ ಆಮ್ಲಜನಕಕ್ಕೆ ಪರಮಾಣು ಬೆಂಕಿ ಹತ್ತಿ ಕೆಲವೇ ಸೆಕೆಂಡಿನಲ್ಲಿ ಇಡೀ ನಕ್ಷತ್ರ ಚಿಂದಿ. ಬೂದಿ ಬಿಟ್ರೆ ಏನೂ ಉಳಿಯೋದಿಲ್ಲ. ನ್ಯೂಟ್ರಾನ್ ನಕ್ಷತ್ರವೂ ಇಲ್ಲ, ಕಪ್ಪುಕುಳಿಯೂ ಇಲ್ಲ. ಜೋಡಿ-ಅಸ್ಥಿರತೆಯ ಸೂಪರ್‌ನೋವಾ ಅಂತಾರೆ (ಸೂಪರ್‌ನೋವಾ ಅಂದ್ರೆ ನಕ್ಷತ್ರದ ಸ್ಫೋಟ). 1967ರಲ್ಲೇ ಕಾಗದದ ಮೇಲೆ ಲೆಕ್ಕ ಮಾಡಿದ್ದು ಇದನ್ನ. ಹುಟ್ಟುವಾಗ ಸೂರ್ಯನ 140ರಿಂದ 260 ಪಟ್ಟು ಇದ್ದವಕ್ಕೆ ಈ ಗತಿ. ಅದಕ್ಕಿಂತ ದಪ್ಪ ಇದ್ರೆ ಸೀದಾ ಕಪ್ಪುಕುಳಿ.

ಹೇರೂರು ಹೊಳೆ (ಸಿದ್ದಾಪುರ)
ಭಾವ, ನಮ್ಮನೆ ಗೋಬರ್ ಗ್ಯಾಸಿನ ಡ್ರಮ್ಮು ಮೂವತ್ತು ವರ್ಷದಿಂದ ಏರ್ತದೆ, ಇಳೀತದೆ. ಒಂದು ದಿನವೂ ಚಿಂದಿ ಆಗಲಿಲ್ಲ. ಉಪಮೆ ಸರಿ ಕೂರ್ಲಿಲ್ಲ.

ಕೈಗಾ ಕಾಲನಿ (ಮಲ್ಲಾಪುರ)
ನಿಮ್ಮ ಸಗಣಿ ಕುಸಿದಾಗ ಹೊತ್ತಿಕೊಳ್ಳೋದಿಲ್ಲ, ಅದಕ್ಕೆ ನಿಮ್ಮನೆ ಉಳೀತು 😀 ಕುಸಿಯೋವರೆಗೆ ಮಾತ್ರ ಉಪಮೆ ತಗೊಳ್ಳಿ.

ಕರಾವಳಿ ಹುಡುಗ
ಜೇಮ್ಸ್ ವೆಬ್ ಯಾಕೆ, ಚಿಲಿಯಲ್ಲಿ ಹೊಸ ರೂಬಿನ್ ದೂರದರ್ಶಕ ಬಂದಿದೆಯಲ್ಲ. 3200 ಮೆಗಾಪಿಕ್ಸೆಲ್ ಕ್ಯಾಮೆರಾ. ಇಡೀ ದಕ್ಷಿಣದ ಆಕಾಶವನ್ನ ಮತ್ತೆ ಮತ್ತೆ ತೆಗೀತದೆ. ಅದೇ ಹಿಡೀತದೆ ನೋಡ್ತಾ ಇರಿ. ಮತ್ತೆ 2007ರಲ್ಲೇ ಇಂಥ ಸೂಪರ್‌ನೋವಾ ಒಂದು ಸಿಕ್ಕಿತ್ತು, ಎಸ್‌ಎನ್ 2007ಬಿಐ. ಇವರೆಲ್ಲ ಇನ್ನೂ ಸಿಕ್ಕಿಲ್ಲ ಅಂತಿದ್ದಾರೆ.

ಕಾಳಿ ದಂಡೆ (ಕಾರವಾರ)
ಎರಡೂ ಅರ್ಧ ಸರಿ. ರೂಬಿನ್ ಸುಮಾರು 1 ಮೈಕ್ರಾನ್‌ವರೆಗೆ ಮಾತ್ರ ನೋಡ್ತದೆ. ಮೇಲೆ ಹೇಳಿದ ನಕ್ಷತ್ರದ ಬೆಳಕು ಶುರುವಾಗೋದೇ 2 ಮೈಕ್ರಾನಿನಿಂದ. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಕಿಟಕಿಯೇ ಬೇರೆ ಕಡೆ. ಹತ್ತಿರದ ಸೂಪರ್‌ನೋವಾಗಳು ಅದಕ್ಕೆ ಬೇಕಾದಷ್ಟು ಸಿಗ್ತವೆ.

2007ಬಿಐ ಒಡೆದಿದ್ದು ನಮ್ಮ ಓಣಿಯಲ್ಲೇ ಅನ್ನಬಹುದು, ಒಂದು ಕುಬ್ಜ ಗೆಲಾಕ್ಸಿಯಲ್ಲಿ. ಮೊದಲ ತಲೆಮಾರಿನದ್ದಲ್ಲ. 2009ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಜೋಡಿ-ಅಸ್ಥಿರತೆಯದ್ದು ಅಂತ ಬರೆದ್ರು. ಅಲ್ಲ, ಒಳಗೆ ಗರಗರ ತಿರುಗೋ ಮ್ಯಾಗ್ನೆಟಾರ್ (ಭಾರೀ ಕಾಂತಶಕ್ತಿಯ ನ್ಯೂಟ್ರಾನ್ ನಕ್ಷತ್ರ) ಬೆಳಕು ಕೊಟ್ಟಿದ್ದು ಅಂತ ಇನ್ನೊಂದು ಗುಂಪು. ಜಗಳ ನಿಂತಿಲ್ಲ. ಅದರ ನಂತರ 2018ಐಬಿಬಿ ಅಂತ ಒಂದು ಬಂತು, ಅದು ಇನ್ನೂ ಗಟ್ಟಿ ಉಮೇದುವಾರ.

ಕರಾವಳಿ ಹುಡುಗ
ಒಪ್ಪಿದೆ. ಕಿಟಕಿ ವಿಷಯ ನಂಗೆ ಹೊಳೀಲಿಲ್ಲ.

ಅಕ್ಕೋರು (ಯಲ್ಲಾಪುರ)
ಎಲ್ಲರೂ ಮಸುಕು, ಬಣ್ಣ ಅಂತ ಹೇಳ್ತಾ ಇದ್ದೀರಿ. ನಿಜವಾದ ಫಜೀತಿ ಬೇರೆ ಇದೆ. ಹಿಗ್ಗೋದು ಅಲೆ ಒಂದೇ ಅಲ್ಲ, ಸಮಯವೂ ಹಿಗ್ತದೆ. ಅದೇ 16 ಪಟ್ಟು.

ಈ ಸ್ಫೋಟಗಳು ಮೊದಲೇ ನಿಧಾನದವು. ಅಷ್ಟು ದೊಡ್ಡ ರಾಶಿಯ ಒಳಗಿಂದ ಬೆಳಕು ಹೊರಗೆ ಬರೋಕೇ ತಿಂಗಳುಗಟ್ಟಲೆ ಬೇಕು. ಅದನ್ನ ಬೆಳಗೋದು ವಿಕಿರಣ ಸೂಸೋ ನಿಕಲ್-56. ದೊಡ್ಡ ಸ್ಫೋಟದಲ್ಲಿ ಸೂರ್ಯನ ಹತ್ತಾರು ಪಟ್ಟು ತೂಕದ ನಿಕಲ್ ಹುಟ್ತದೆ. ಅದು ಆರು ದಿನದ ಅರ್ಧಾಯುಷ್ಯದಲ್ಲಿ (ಅರ್ಧ ಪಾಲು ಬದಲಾಗೋಕೆ ಹಿಡಿಯೋ ಕಾಲ) ಕೋಬಾಲ್ಟ್ ಆಗಿ, ಕೋಬಾಲ್ಟು 77 ದಿನದ ಅರ್ಧಾಯುಷ್ಯದಲ್ಲಿ ಕಬ್ಬಿಣ ಆಗ್ತದೆ. ಈಗ ಲೆಕ್ಕ ಮಾಡಿ: 77 ಗುಣಿಸು 16, ನಮ್ಮ ಗಡಿಯಾರದಲ್ಲಿ 1232 ದಿನ, ಮೂರು ವರ್ಷ ನಾಲ್ಕು ತಿಂಗಳು. ಅಲ್ಲಿ ನೂರು ದಿನದಲ್ಲಿ ಏರುವ ಬೆಳಕು ಇಲ್ಲಿ 1600 ದಿನ ತಗೊಳ್ತದೆ.

ಹತ್ತಿರದ ಸೂಪರ್‌ನೋವಾ ಹಿಡಿಯೋರು ಇವತ್ತಿನ ಫೋಟೊದಿಂದ ಹೋದ ವಾರದ್ದನ್ನ ಕಳೀತಾರೆ, ಉಳಿದದ್ದು ಸೂಪರ್‌ನೋವಾ. ಇಲ್ಲಿ ಹೋದ ವಾರ ಬಿಡಿ, ಹೋದ ವರ್ಷದ್ದನ್ನ ಕಳೆದರೂ ಹೆಚ್ಚುಕಮ್ಮಿ ಸೊನ್ನೆ. ಅದೊಂದು ಸಣ್ಣ ಕೆಂಪು ಗೆಲಾಕ್ಸಿ ಇರಬೇಕು ಅಂತ ಪಟ್ಟಿಯಲ್ಲಿ ಬರೆದು ಮುಂದೆ ಹೋಗ್ತಾರೆ. ಎದುರಿಗೇ ಇದ್ದರೂ ಗೊತ್ತಾಗೋದಿಲ್ಲ. ಅದೇ ಜಾಗಕ್ಕೆ, ಅದೇ ಫಿಲ್ಟರಿನಲ್ಲಿ, ನಾಲ್ಕೈದು ವರ್ಷ ಬಿಟ್ಟು ವಾಪಸ್ ಬರಬೇಕು.

ಬಳಚು (ಅಘನಾಶಿನಿ)
ಅಕ್ಕೋರೇ, ಈಗ ತಲೆಗೆ ಹೋಯ್ತು! ನಮ್ಮ ಅಳಿವೆ ಬಾಯಿಯ ಮರಳು ದಿನಾ ನೋಡ್ತೇವೆ, ಸರಿದದ್ದು ಕಾಣೋದೇ ಇಲ್ಲ. ದೋಣಿ ಹತ್ತಿಸೋ ಜಾಗದಲ್ಲಿ ನಿಂತು ನನ್ನ ಮದುವೆ ವರ್ಷ ಒಂದು ಫೋಟೊ ತೆಗೆದಿದ್ದೆ. ಮೊನ್ನೆ ಮಗಳು ಅದೇ ಕಲ್ಲಿನ ಮೇಲೆ ನಿಂತು ಇನ್ನೊಂದು ತೆಗೆದ್ಲು. ಎರಡನ್ನೂ ಮೊಬೈಲಲ್ಲಿ ಒಂದರ ಮೇಲೊಂದು ಇಟ್ಟು ನೋಡಿದ್ವಿ. ಹಿಂದಿನ ಗುಡ್ಡದ ಗೆರೆ ಕೂದಲೆಳೆ ತಪ್ಪದ ಹಾಗೆ ಕೂತಿತು. ಮರಳಿನ ನಾಲಿಗೆ ಮಾತ್ರ ಹೊಳೆಯ ಆಚೆ ಮಗ್ಗುಲಿಗೆ ಹೋಗಿದೆ. ನಾನು ಅಲ್ಲೇ ಬಳಚು ಹೆಕ್ತಾ ಇದ್ದವ, ಒಂದು ದಿನವೂ ಗೊತ್ತಾಗಲಿಲ್ಲ.

ಅಕ್ಕೋರು (ಯಲ್ಲಾಪುರ)
ನಾಳೆ ಕ್ಲಾಸಲ್ಲಿ ಇದನ್ನೇ ಹೇಳ್ತೇನೆ. ಆ ಎರಡು ಫೋಟೊ ಇಲ್ಲಿ ಹಾಕಿ ಪ್ಲೀಸ್.

ಹುಲೇಕಲ್ ರಸ್ತೆ
ಇಷ್ಟೆಲ್ಲ ಬರೀ ಲೆಕ್ಕಾಚಾರ ಅಲ್ವಾ? ಹಿಂಗೆ ಎರಡು ಫೋಟೊ ಹೋಲಿಸಿ ಯಾರಾದ್ರೂ ಏನಾದ್ರೂ ಹಿಡಿದಿದ್ದಾರಾ? ಸಮಯ ಹಿಗ್ತದೆ, ಬೆಳಕು ಬಾಗ್ತದೆ ಅಂತ ಕೂತಲ್ಲೇ ಹೇಳಬಹುದು.

ಕಾಳಿ ದಂಡೆ (ಕಾರವಾರ)
ಹಿಡಿದಿದ್ದಾರೆ. ಜೇಡ್ಸ್ ಅನ್ನೋ ಯೋಜನೆಯವರು ವೆಬ್‌ನಿಂದ 2022ರಲ್ಲೂ 2023ರಲ್ಲೂ ಆಕಾಶದ ಒಂದೇ ತುಣುಕನ್ನ ತೆಗೆದು ಹೋಲಿಸಿದ್ರು. ಸುಮಾರು 80 ವಸ್ತುಗಳ ಬೆಳಕು ಬದಲಾಗಿತ್ತು, ಬಹುಪಾಲು ಸೂಪರ್‌ನೋವಾಗಳು. 2024ರಲ್ಲಿ ಪ್ರಕಟ ಮಾಡಿದ್ರು. ಅದರಲ್ಲಿ ಒಂದು ರೆಡ್‌ಶಿಫ್ಟ್ 3.6, ಆಗ ವಿಶ್ವಕ್ಕೆ 200 ಕೋಟಿ ವರ್ಷವೂ ಆಗಿರಲಿಲ್ಲ.

ಬೆಳಕು ಬಾಗೋದಕ್ಕೆ ಸಾಕ್ಷಿ ಬೇಕಾ? 2014ರಲ್ಲಿ ರೆಫ್ಸ್‌ಡಾಲ್ ಅಂತ ಹೆಸರಿಟ್ಟ ಒಂದು ಸೂಪರ್‌ನೋವಾ ಹಬಲ್ ದೂರದರ್ಶಕಕ್ಕೆ ನಾಲ್ಕು ಕಡೆ ಒಟ್ಟಿಗೆ ಕಂಡಿತು. ನಡುವೆ ಇದ್ದ ಗೆಲಾಕ್ಸಿಗಳ ತೂಕ ಬೆಳಕನ್ನ ಬಾಗಿಸಿ ಒಂದನ್ನ ನಾಲ್ಕು ಮಾಡಿತ್ತು. ಇನ್ನೊಂದು ದಾರಿ ಉದ್ದ ಇದೆ, ಅದರ ಬೆಳಕು ತಡವಾಗಿ ಬರ್ತದೆ, ಇಂಥ ಜಾಗದಲ್ಲಿ ಮತ್ತೆ ಕಾಣ್ತದೆ ಅಂತ ಮೊದಲೇ ಹೇಳಿ ಕಾದ್ರು. 2015ರ ಡಿಸೆಂಬರ್ 11ಕ್ಕೆ ತೆಗೆದ ಚಿತ್ರದಲ್ಲಿ ಬಂತು, ಹೇಳಿದ ಜಾಗಕ್ಕೇ. ಬಸ್ಸು ಕೂಡ ಹಂಗೆ ಬರೋದಿಲ್ಲ ನಮ್ಮೂರಿಗೆ.

ಮೊದಲ ನಕ್ಷತ್ರಗಳ ಸ್ಫೋಟಕ್ಕೂ ಇದೇ ಗುರುತ್ವ ಮಸೂರ ಉಪಯೋಗಕ್ಕೆ ಬರಬಹುದು. ಭೂತಗನ್ನಡಿ ಪುಕ್ಕಟೆ, ಆದ್ರೆ ಅದು ದೊಡ್ಡದು ಮಾಡಿ ತೋರಿಸೋದು ಸಣ್ಣ ಜಾಗವನ್ನ.

ಹುಲೇಕಲ್ ರಸ್ತೆ
ಡಿಸೆಂಬರ್ ವಿಷಯ ನಂಬಿದೆ. ಆದ್ರೂ 3.6 ಎಲ್ಲಿ, 15 ಎಲ್ಲಿ.

ಕೈಗಾ ಕಾಲನಿ (ಮಲ್ಲಾಪುರ)
ನಡುವೆ ಒಂದು ಮೆಟ್ಟಿಲು ಸಿಕ್ಕಿದೆ. 2025ರ ಮಾರ್ಚ್ 14ಕ್ಕೆ ಫ್ರಾನ್ಸ್-ಚೀನಾದ ಎಸ್‌ವಿಒಎಂ ಉಪಗ್ರಹಕ್ಕೆ ಒಂದು ಗಾಮಾ ಕಿರಣದ ಮಿಂಚು ಕಾಣ್ತು. ಅಳೆದು ನೋಡಿದ್ರೆ ರೆಡ್‌ಶಿಫ್ಟ್ 7.3, ವಿಶ್ವಕ್ಕೆ ಆಗ 73 ಕೋಟಿ ವರ್ಷ. ಇಂಥ ಮಿಂಚು ಹೆಚ್ಚಾಗಿ ದೊಡ್ಡ ನಕ್ಷತ್ರ ಒಡೆಯುವಾಗ ಬರೋದು, ಹಾಗಾಗಿ ಅಲ್ಲಿ ಸೂಪರ್‌ನೋವಾ ಇರಬೇಕು ಅಂತ ಅಂದಾಜಿತ್ತು, ಆದ್ರೂ ವೆಬ್ ಕೂಡ್ಲೇ ತಿರುಗಲಿಲ್ಲ. ಸಮಯ ಹಿಗ್ತದಲ್ಲ, ಸೂಪರ್‌ನೋವಾ ಏರೋಕೆ ಬಿಟ್ಟು ಮೂರೂವರೆ ತಿಂಗಳು ಕಾದು ಜುಲೈ 1ಕ್ಕೆ ನೋಡಿದ್ರು. ಇತ್ತು! ತಮಾಷೆ ಅಂದ್ರೆ ಅದು ನಮ್ಮ ಹತ್ತಿರದ ಇವತ್ತಿನ ಸೂಪರ್‌ನೋವಾ ಥರವೇ ಇತ್ತು. ವಿಶೇಷ ಇರಬೇಕು ಅಂತ ಕಾದವರಿಗೆ ಸಪ್ಪೆ ಸಾರು. ಜೋಡಿ-ಅಸ್ಥಿರತೆಯದ್ದು ಅಲ್ಲ ಅದು, ಮಾಮೂಲಿ ದೊಡ್ಡ ನಕ್ಷತ್ರ.

ತೋಟದಂಚು (ಶಿರಸಿ)
ಹುಡುಗ ಕೇಳ್ತಾನೆ, ನಾಲ್ಕು ವರ್ಷ ಬಿಟ್ಟು ಹೋಗೋದಿದ್ರೆ 2022ರ ಫೋಟೊಕ್ಕೆ ಈಗ ಹೋಗಬಹುದಲ್ಲ?

ಅಕ್ಕೋರು (ಯಲ್ಲಾಪುರ)
ಶಭಾಷ್, ಅದೇ ಉಪಾಯ. ಆದ್ರೆ ವೆಬ್ ಕ್ಯಾಮೆರಾದ ಒಂದು ಫೋಟೊದಲ್ಲಿ ಬರೋದು ಹುಣ್ಣಿಮೆ ಚಂದ್ರನ ಮುಖದ ಎಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಅಪರೂಪದ ಸ್ಫೋಟ ಅಷ್ಟು ಸಣ್ಣ ಜಾಗದಲ್ಲೇ ಆಗಿರಬೇಕು ಅಂತ ಕಾಯೋದು ಒಂದೇ ಗಾಳ ಹಾಕಿ ಇಡೀ ಸಮುದ್ರಕ್ಕೆ ಕಾದ ಹಾಗೆ. ನಾಸಾದ ರೋಮನ್ ದೂರದರ್ಶಕಕ್ಕೆ 2.4 ಮೀಟರ್ ಕನ್ನಡಿ, ಹಬಲ್‌ನಷ್ಟೇ. ಆದ್ರೆ ಒಂದೇ ಏಟಿಗೆ ಇಡೀ ಚಂದ್ರನಿಗಿಂತ ದೊಡ್ಡ ತುಂಡು ನೋಡ್ತದೆ. ಅದು ಬಲೆ, ವೆಬ್ ಗಾಳ. ರೋಮನ್‌ನ ಕಣ್ಣು 2.3 ಮೈಕ್ರಾನಿಗೆ ನಿಲ್ತದೆ, ಹಾಗಾಗಿ ತೀರಾ ಮೊದಲಿನವು ಅದಕ್ಕೂ ಕಷ್ಟ.

ಮೀನ್ಸಾರು (ಅಂಕೋಲಾ)
ಗಾಳ, ಬಲೆ ಬಂತು. ಇನ್ನು ನಾನೂ ಚರ್ಚೆಗೆ ಸೇರ್ತೇನೆ.

ಹೇರೂರು ಹೊಳೆ (ಸಿದ್ದಾಪುರ)
ಯಾರೂ ನಮ್ಮ ಕಡೆ ಸುದ್ದಿ ಹೇಳ್ಲಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಶರಾವತಿ ಹಿನ್ನೀರಿನ ಮೇಲೆ ಸರಸ್-3 ಅಂತ ಆಂಟೆನಾ ತೇಲಿಬಿಟ್ಟಿದ್ರು. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಹೈಡ್ರೋಜನ್ನಿನ ರೇಡಿಯೋ ಅಲೆಯ ಮೇಲೆ ಬಿದ್ದ ಗುರುತು ಹುಡುಕೋಕೆ. 1420 ಮೆಗಾಹರ್ಟ್ಸ್‌ನ ಆ ಅಲೆ ಹಿಗ್ಗಿ ಈಗ 80ರ ಆಸುಪಾಸಿಗೆ ಬಂದಿರ್ತದೆ, ಎಫ್‌ಎಂ ರೇಡಿಯೋದ ಪಕ್ಕದ ಮನೆ. ಅದಕ್ಕೇ ಊರಿಂದ ದೂರ. ನೀರಿನ ಮೇಲೆ ಯಾಕೆ ಅಂದ್ರೆ ನೆಲದಲ್ಲಿ ಕಲ್ಲು, ಬೇರು, ತೇವ ಒಂದೊಂದು ಕಡೆ ಒಂದೊಂದು ಥರ, ನೀರು ಒಂದೇ ಸಮ.

2018ರಲ್ಲಿ ಎಡ್ಜಸ್ ಅನ್ನೋ ತಂಡ ಅಂಥ ಗುರುತು ಸಿಕ್ಕಿತು ಅಂತ ಲೋಕಕ್ಕೆಲ್ಲ ಹೇಳಿತ್ತು. 2022ರಲ್ಲಿ ಸರಸ್‌ನವರು ನಮಗೆ ಕಾಣ್ತಿಲ್ಲ, ಅದು ಆಕಾಶದ್ದಲ್ಲ ಅಂದ್ರು. ನಮ್ಮ ಹಿನ್ನೀರಿಂದ! ಮುಳುಗಡೆ ಆದವರ ಮನೆ ನೆನಪಿಗೆ ಬರ್ತದೆ ಆ ನೀರು ನೋಡಿದ್ರೆ, ಅದು ಬೇರೆ ಮಾತು.

ಹಳೇ ಮಾಸ್ತರು (ಕುಮಟಾ)
ಇದು ನಂಗೆ ಗೊತ್ತಿರಲಿಲ್ಲ. ಬರೆದಿದ್ದಕ್ಕೆ ಥ್ಯಾಂಕ್ಸ್.

ಗೋಕರ್ಣ ಗಾಳಿ
ಪ್ರಳಯ, ಕಲ್ಪ ಎಲ್ಲ ನಮ್ಮ ಪುರಾಣದಲ್ಲಿ ಮೊದಲೇ ಇದೆ. ಇವರು ಈಗ ಹುಡುಕ್ತಾ ಇದ್ದಾರೆ.

ಕರಾವಳಿ ಹುಡುಗ
ರೆಡ್‌ಶಿಫ್ಟ್ ಎಷ್ಟು ಅಂತ ಬರೆದಿದೆಯಾ ಅದ್ರಲ್ಲಿ?

ಹಳೇ ಮಾಸ್ತರು (ಕುಮಟಾ)
ಇಬ್ಬರೂ ಬಿಡಿ. ಬೆಳಕು ಸಿಗದಿದ್ರೂ ಬೂದಿ ಹುಡುಕೋ ದಾರಿ ಒಂದಿದೆ. ಆ ಸ್ಫೋಟದ ಬೂದಿ ಬೆರೆತ ಅನಿಲದಿಂದ ಹುಟ್ಟಿದ ಸಣ್ಣ ನಕ್ಷತ್ರಗಳು ನಮ್ಮ ಆಕಾಶಗಂಗೆಯಲ್ಲೇ ಇನ್ನೂ ಉರೀತಾ ಇರಬಹುದು. ಜೋಡಿ-ಅಸ್ಥಿರತೆಯ ಬೂದಿಯಲ್ಲಿ ಪರಮಾಣು ಸಂಖ್ಯೆ ಸರಿಸಂಖ್ಯೆಯಾದ ಧಾತುಗಳು ಜಾಸ್ತಿ, ಸೋಡಿಯಂ, ಅಲ್ಯೂಮಿನಿಯಂ ಥರದ ಬೆಸಸಂಖ್ಯೆಯವು ಬಹಳ ಕಮ್ಮಿ. 2023ರಲ್ಲಿ ಚೀನಾದ ಲಾಮೊಸ್ಟ್ ದೂರದರ್ಶಕದ ಪಟ್ಟಿಯಿಂದ ಅಂಥ ಒಂದು ಸಿಕ್ಕಿತು ಅಂತ ದೊಡ್ಡ ಸುದ್ದಿ ಆಯ್ತು. ಮರುವರ್ಷ ಬೇರೆಯವರು ಸೂಕ್ಷ್ಮವಾಗಿ ಅಳೆದಾಗ ಆ ಗುರುತು ನಿಲ್ಲಲಿಲ್ಲ. ಹುಡುಗನ ಕಾಗದದ ಚೂರು ಅಂದ್ರೆ ಇದೇ. ಮಾರನೇ ದಿನ ಹೋಗಿ ಹೆಕ್ಕಿದ್ರೂ ಯಾವ ಪಟಾಕಿಯದ್ದು ಅಂತ ಹೇಳಬಹುದು, ಲೇಬಲ್ ಓದೋಕೆ ಬಂದ್ರೆ.

ಅಜ್ಜಿಮನೆ (ಶಿರಸಿ)
ತಮಾ, ಯಂಗೆ ಅರ್ಧ ತಿಳದ್ದಿಲ್ಲೆ. ಆದ್ರೂ ಓದಲೆ ಚೊಲೋ ಇದ್ದು. ಮಾಣಿ ಹತ್ರ ಮೊಬೈಲು ಜಾಸ್ತಿ ನೋಡಡ ಹೇಳು.

ಕಾಳಿ ದಂಡೆ (ಕಾರವಾರ)
ಹುಡುಗನಿಗೆ ಬರೀ ಮಾತು ಸಾಲದು. ಈಗಿನ ಕಾಲದ ದೈತ್ಯ ಒಂದನ್ನ ತೋರಿಸಿ. ಈಟಾ ಕ್ಯಾರಿನೇ, ಸೂರ್ಯನ ಸುಮಾರು ನೂರು ಪಟ್ಟು ತೂಕ, 7500 ಜ್ಯೋತಿರ್ವರ್ಷ ದೂರ. 1840ರ ದಶಕದಲ್ಲಿ ಒಮ್ಮೆ ಉಬ್ಬಿ ಕೆಲವು ಕಾಲ ಆಕಾಶದ ಬಹಳ ಪ್ರಕಾಶದ ನಕ್ಷತ್ರಗಳಲ್ಲಿ ಒಂದಾಗಿತ್ತು, ಆದ್ರೂ ಒಡೀಲಿಲ್ಲ. ದಿಲ್ಲಿಯವರಿಗೆ ದಿಗಂತದ ಧೂಳಿನಲ್ಲೇ ಸಿಕ್ಕಿಕೊಳ್ತದೆ. ನಮಗೆ ದಕ್ಷಿಣದಲ್ಲಿ 15 ಡಿಗ್ರಿ ಏರ್ತದೆ, ಕೈ ಚಾಚಿ ಮುಷ್ಟಿ ಹಿಡಿದ್ರೆ ಒಂದೂವರೆ ಮುಷ್ಟಿ. ಏಪ್ರಿಲ್ ಮೊದಲ ವಾರ ರಾತ್ರಿ ಹತ್ತರ ಹೊತ್ತಿಗೆ. ಸಾದಾ ಬೈನಾಕ್ಯುಲರ್ ಸಾಕು, ಸುತ್ತಲೂ ಮಸುಕು ಮೋಡದ ಹಾಗೆ ಕಾಣ್ತದೆ. ಹೊನ್ನಾವರದ ಕಾಸರಕೋಡು ಬೀಚಿನಲ್ಲಿ ನಾನು ನೋಡಿದ್ದೇನೆ, ದಕ್ಷಿಣ ಬಯಲು.

ಬಳಚು (ಅಘನಾಶಿನಿ)
ಆ ಹೊತ್ತಿಗೆ ಲೈಟ್ ಫಿಶಿಂಗ್ ಬೋಟು ಇದ್ರೆ ನಕ್ಷತ್ರ ಮರೆತುಬಿಡಿ. ಹುಣ್ಣಿಮೆ ಮೂರು ಸಲ ಮೂಡಿದ ಹಾಗಿರ್ತದೆ ಕಡಲಲ್ಲಿ. ಬ್ಯಾನ್ ಆಗಿದೆ ಅಂತಾರೆ, ಯಾರು ಕೇಳ್ತಾರೆ.

ಮೀನ್ಸಾರು (ಅಂಕೋಲಾ)
ಅದರ ಬಗ್ಗೆ ಬೇರೆ ಚರ್ಚೆ ತೆಗೀರಿ, ಇಲ್ಲಿ ಶುರು ಮಾಡಿದ್ರೆ ಬೆಳಗಾಗ್ತದೆ.

ತೋಟದಂಚು (ಶಿರಸಿ)
ಎಲ್ಲ ಓದಿ ಹೇಳ್ದೆ. ಹುಡುಗ ಹಿಂದಿನ ಪೇಜಿನಲ್ಲಿ ಗುಣಾಕಾರ ಹಾಕಿಟ್ಟಿದ್ದಾನೆ. "ಹಂಗಾದ್ರೆ ಅಷ್ಟು ದೂರದಿಂದ ಯಾರಾದ್ರೂ ನಮ್ಮನ್ನ ನೋಡಿದ್ರೆ ನನ್ನ ಎರಡು ತಿಂಗಳ ಬೇಸಿಗೆ ರಜೆ 32 ತಿಂಗಳು!"

ಅಕ್ಕೋರು (ಯಲ್ಲಾಪುರ)
ಪರೀಕ್ಷೆಯೂ ಮೂರು ಗಂಟೆಯದ್ದು ಎರಡು ದಿನ ಆಗ್ತದೆ ಅಂತ ಹೇಳಿ.

ತೋಟದಂಚು (ಶಿರಸಿ)
ಹೇಳ್ದೆ. ಮುಖ ಸಣ್ಣ ಮಾಡ್ಕೊಂಡ. ಕಾಸರಕೋಡಿಗೆ ಏಪ್ರಿಲ್ ಮೊದಲ ಶನಿವಾರ ಬರ್ತೇವೆ, ಚಂದ್ರ ಇಲ್ಲದಿದ್ರೆ. ಬೈನಾಕ್ಯುಲರ್ ಯಾರ ಹತ್ರ ಇದೆ?

ಮೀನ್ಸಾರು (ಅಂಕೋಲಾ)
ನನ್ನ ಹತ್ರ ಇದೆ. ಅಡಿಕೆ ರೇಟು ಹೇಳಿದ್ರೆ ತರ್ತೇನೆ.